ಉದ್ಘಾಟಕರ ಕೈಗೆ ಹಗ್ಗ

ಏಪ್ರಿಲ್ 19, ಭಾನುವಾರ

ವಿದ್ಯಾರಣ್ಯಪುರದ ರಾಮೋತ್ಸವ ಮುಗೀತು. ಇವತ್ತು ಬೆಳಗಿನದೇ ಕೊನೇ ಕಛೇರಿ. ನಿರೂಪಣೆ ಎಂದಿನಂತೆ ನನ್ನದು. ಪಾನಕ ಚೆನ್ನಾಗಿತ್ತು. ಕೋಸಂಬರಿ ಇನ್ನೂ ಚೆನ್ನಾಗಿತ್ತು. ಮಧ್ಯೆ ಒಂದಿಷ್ಟು ವೀಣೆಯೂ ಇತ್ತು — ಒಂದಿಷ್ಟು ಅಂದ್ರೆ ಒಂದಿಷ್ಟೇ. ‘ಅತಿಥಿ ಅಂದ್ರೆ ತಿಥಿ ನೋಡದೆ ಬರುವವರು’ ಅಂತ ಪಿಯು ಮಕ್ಕಳಿಗೆ ಪಾಠ ಮಾಡ್ತೀನಿ. ನಮ್ಮ ಅತಿಥಿಗಳು ತಿಥಿ ನೋಡಿಯೇ ಬರ್ತಾರೆ, ಗಡಿಯಾರ ಮಾತ್ರ ನೋಡಲ್ಲ. ಭಾಷಣ ಮುಗಿಯೋವರೆಗೆ ವೀಣೆಯಮ್ಮ ಪಾಪ ಶ್ರುತಿ ಮಾಡಿದ್ದನ್ನೇ ಮಾಡ್ತಾ ಕೂತಿದ್ರು. ಅದೇ ಕಛೇರಿ ಅಂದ್ಕೊಂಡು ಮುಂದಿನ ಸಾಲಿನ ಅಜ್ಜಿ ಚಪ್ಪಾಳೆ ತಟ್ಟಿ, ಕೋಸಂಬರಿ ಕೌಂಟರಿಗೆ ಹೊರಟೇಹೋದ್ರು.

ಬೇಸಿಗೆ ಅಂದ್ರೆ ನನಗೆ ಎರಡು ಡ್ಯೂಟಿ. ವಾರದ ದಿನ ಉತ್ತರಪತ್ರಿಕೆ ಮೌಲ್ಯಮಾಪನ, ರಜೆ ದಿನ ವೇದಿಕೆ. ಒಂದರಲ್ಲಿ ಮಕ್ಕಳು ಬರೆದದ್ದನ್ನ ಸಹಿಸ್ಕೋಬೇಕು, ಇನ್ನೊಂದರಲ್ಲಿ ದೊಡ್ಡವರು ಆಡಿದ್ದನ್ನ. ಮಕ್ಕಳಿಗಾದ್ರೂ ಮಾರ್ಕ್ಸ್ ಕಟ್ ಮಾಡಬಹುದು.

ಮನೆಗೆ ಬಂದ್ರೆ ಅತ್ತೆ ಟೆರೇಸ್ ಮೇಲೆ ಸಂಡಿಗೆ ಇಡ್ತಿದ್ರು. ಅಬ್ಬಿಗೆರೆ ಬಿಸಿಲನ್ನ ಒಂದು ಚೂರೂ ವೇಸ್ಟ್ ಮಾಡದ ಏಕೈಕ ವ್ಯಕ್ತಿ ನಮ್ಮತ್ತೆ ಕೃಷ್ಣಮ್ಮ. ಅಷ್ಟರಲ್ಲಿ ಚನ್ನಕೇಶವ ಸಾರ್ ಫೋನು. ಬಡಾವಣೆ ಸಂಘದ ಕಾರ್ಯದರ್ಶಿ, ರಿಟೈರ್ಡ್ ಎಂಜಿನಿಯರು, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಮಾತಾಡ್ತಾರೆ.

‘ಮೇಡಂ, ಮೇ ಹದಿನೇಳು, ವಸಂತ ಸಂಭ್ರಮ. ನಿರೂಪಣೆ ನಿಮ್ದು. ಅಮ್ಮೋರ ತಂಡದ್ದು ಜಡೆ ಕೋಲಾಟ. ಫಿಕ್ಸ್ ಮಾಡ್ಕೊಳ್ಳಾ?’

ಅತ್ತೆಗೆ ಹೇಳಿದೆ. ಸಂಡಿಗೆ ಇಡೋ ಕೈ ನಿಲ್ಲಿಸಲಿಲ್ಲ. ಮೆಟ್ಟಿಲ ರೂಮಿನ ಕಡೆ ಗಲ್ಲ ಎತ್ತಿ ತೋರಿಸಿದ್ರು.

‘ಓಗಿ ಅದುನ್ನ ಕೇಳು, ಬತ್ತೈತಾ ಅಂತ.’

ಏಪ್ರಿಲ್ 21, ಮಂಗಳವಾರ

ಮೆಟ್ಟಿಲ ರೂಮಿನ ಕೊಕ್ಕೆಗೆ ನೇತುಬಿದ್ದಿರೋದು ಕಳೆದ ವರ್ಷದ ಜಡೆ. ಹಳೇ ಸೀರೆ ಸುತ್ತಿಟ್ಟಿದ್ದಾರೆ. ಹೊಸಬರು ನೋಡಿದ್ರೆ ಒಳಗೆ ಯಾರೋ ಇದ್ದಾರೆ ಅಂತ ಹೆದರ್ತಾರೆ.

ಜಡೆ ಕೋಲಾಟ ಅಂದ್ರೆ ಹೀಗೆ. ನಡುವೆ ಕಂಬ. ಕಂಬದ ತುದಿಯ ಬಳೆಯಿಂದ ಎಂಟು ಬಣ್ಣದ ಹಗ್ಗ. ಎಂಟು ಜನ. ಎಡಗೈಲಿ ಹಗ್ಗ ಮತ್ತು ಒಂದು ಕೋಲು, ಬಲಗೈಲಿ ಇನ್ನೊಂದು ಕೋಲು. ನಾಲ್ವರು ಹೀಗೆ ಸುತ್ತಬೇಕು, ನಾಲ್ವರು ಎದುರಿಂದ. ಎದುರಾದವರ ಕೋಲಿಗೆ ಕೋಲು ಕೊಟ್ಟು, ಒಬ್ಬರನ್ನ ಒಳಗಿಂದ, ಮುಂದಿನವರನ್ನ ಹೊರಗಿಂದ ದಾಟಬೇಕು. ಕುಣೀತಾ ಕುಣೀತಾ ಮೇಲೆ ಹಗ್ಗಗಳು ತಾವೇ ಜಡೆ ಹೆಣ್ಕೊಳ್ತವೆ. ತಿರುಗಿ ಕುಣಿದ್ರೆ ತಾವೇ ಬಿಚ್ಕೊಳ್ತವೆ. ನೋಡೋಕೆ ಎಷ್ಟು ಚೆಂದವೋ ಮಾಡೋಕೆ ಅಷ್ಟು ತಲೆನೋವು.

ಹೋದ ವರ್ಷ ಏನಾಯ್ತು? ಭಾಷಣಗಳಾಯ್ತು. ಅತ್ತೆಯ ತಂಡ ಮಧ್ಯಾಹ್ನದಿಂದ ಸೀರೆ ಉಟ್ಟು, ಹೂ ಮುಡಿದು, ಶಾಮಿಯಾನದ ಹಿಂದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿತ್ತು. ಮುಡಿದ ಹೂ ಬಾಡ್ತು, ಭಾಷಣ ಬಾಡಲಿಲ್ಲ. ಕೊನೆಗೆ ‘ಈಗ ಸಾಂಸ್ಕೃತಿಕ ಕಾರ್ಯಕ್ರಮ’ ಅಂತ ನಾನು ಅನೌನ್ಸ್ ಮಾಡೋ ಹೊತ್ತಿಗೆ ರಾತ್ರಿ ಹತ್ತಕ್ಕೆ ಮೈಕ್ ಬಂದ್ ಮಾಡೋ ಟೈಮ್ ಹತ್ತಿರ ಬಂದಿತ್ತು. ಜಡೆ ಅರ್ಧ ಹೆಣೆದಿದ್ರು. ಮೈಕ್ ಸೆಟ್ ಮುರುಗೇಶ್ ಕೈ ಮುಗಿದು ಸ್ವಿಚ್ ಆರಿಸಿದ. ಲೈಟೂ ಹೋಯ್ತು. ಅತ್ತೆ ಕತ್ತಲಲ್ಲಿ ಕೋಲು ಎತ್ತಿ ಹಿಡಿದೇ ನಿಂತಿದ್ರು.

ಹೆಣೆದ ಜಡೆ ಬಿಚ್ಚದೆ, ಬಳೆ ಸಮೇತ ಇಳಿದದ್ದು ಆ ತಂಡದಲ್ಲಿ ಅದೇ ಮೊದಲು.

‘ಬಿಚ್ಚಿ ತೊಳೆದು ಇಡಬಹುದಲ್ಲಮ್ಮ. ಕತ್ತರಿ ಕೊಡು, ಐದು ನಿಮಿಷ,’ ಅಂತ ಇವತ್ತು ಇವರು ಅಂದ್ರು. ಇವರು ಅಂದ್ರೆ ಮಹೇಂದ್ರ, ನನ್ನ ಗಂಡ, ಮನೆ ಕಟ್ಟಿಸೋ ಕೆಲಸ. ಕಟ್ಟೋದು ಗೊತ್ತು, ಬಿಚ್ಚೋದು ಗೊತ್ತಿಲ್ಲ.

ಅತ್ತೆ ನೋಡಿದ ನೋಟಕ್ಕೆ ಕತ್ತರಿಯೇ ಬೇಕಿರಲಿಲ್ಲ.

‘ಎಣೆದಿದ್ದು ಕುಣಿದೇ ಬಿಚ್ಬೇಕು. ಕೈಯಾಕಂಗಿಲ್ಲ, ಕತ್ರಿ ಆಕಂಗಿಲ್ಲ. ಇದು ಬಿಚ್ಚೋಗಂಟ ಇನ್ನೊಂದು ಎಣೆಯಂಗೂ ಇಲ್ಲ. ನಮ್ಮತ್ತೆ ಏಳ್ಕೊಟ್ಟಿದ್ದು.’

‘ಅದಕ್ಕೇ ಈ ಸಲ ಕುಣಿದು ಬಿಚ್ಚಿಬಿಡಿ ಅತ್ತೆ.’

‘ಬಿಚ್ತೀನಿ. ಟೇಮ್ ಕೊಡುಸ್ತೀಯಾ?’

ಹೂಂ ಅಂದೆ. ಬಾಯಿ ನನ್ನದು, ಟೈಮು ಯಾರದ್ದೋ.

ಏಪ್ರಿಲ್ 25, ಶನಿವಾರ

ಮಂಡಿ ಡಾಕ್ಟರ ಹತ್ತಿರ ಹೋಗಿದ್ವಿ, ಹೆಬ್ಬಾಳ. ಎಕ್ಸ್‌ರೇ ನೋಡಿ ಡಾಕ್ಟರು ತುಟಿ ಕಚ್ಚಿಕೊಂಡ್ರು. ಎರಡೂ ಮಂಡಿ ಸವೆದಿವೆ. ಜೂನ್‌ನಲ್ಲಿ ಆಪರೇಷನ್. ನಡೀಬಹುದು, ಮೆಟ್ಟಿಲು ಹತ್ತಬಹುದು, ಕೋಲಾಟ ಮಾತ್ರ ಮರೆತುಬಿಡಿ.

ವಾಪಸ್ ಬರುವಾಗ ಜಾಲಹಳ್ಳಿ ಹತ್ತಿರ ಕಾರು ಟ್ರಾಫಿಕ್ಕಲ್ಲಿ ನಿಂತಾಗ ಅತ್ತೆ ಕಿಟಕಿ ಕಡೆ ನೋಡ್ತಾನೇ ಅಂದ್ರು:

‘ಅಂಗಾರೆ ಇದೇ ಕೊನೆ. ಮೇ ತಿಂಗ್ಳಲ್ಲಿ ಬಿಚ್ಲಿಲ್ಲ ಅಂದ್ರೆ ಅದು ಅಲ್ಲೇ ನೇತಾಡ್ಕಂಡಿರ್ತೈತೆ. ನಾನ್ ಸತ್ರೂವೆ.’

ಯಾವ ಜೋಕೂ ಹೊಳೀಲಿಲ್ಲ. ಅಪರೂಪ.

ಏಪ್ರಿಲ್ 29, ಬುಧವಾರ

ಪ್ರಾಕ್ಟೀಸ್ ಶುರು. ಜಾಗ: ನಮ್ಮ ಟೆರೇಸು. ಸಮಯ: ಬಿಸಿಲು ಇಳಿದ ಮೇಲೆ. ಹಳೇ ಜಡೆ ಬಿಚ್ಚೋವರೆಗೆ ಹೊಸ ಹಗ್ಗ ಕಟ್ಟೋ ಹಾಗಿಲ್ಲವಲ್ಲ, ಅದಕ್ಕೇ ಖಾಲಿ ಕೈ ಮೇಲೆತ್ತಿ ಹಗ್ಗ ಇದೆ ಅಂದ್ಕೊಂಡು ಸುತ್ತಬೇಕು. ದೂರದಿಂದ ನೋಡಿದ್ರೆ ಬಿಎಂಟಿಸಿ ಬಸ್ಸಲ್ಲಿ ನಿಂತ ಪ್ರಯಾಣಿಕರು ಬಸ್ಸು ಮರೆತು ಬಂದ ಹಾಗೆ. ಎದುರು ಪಿಜಿಯ ಹುಡುಗೀರು ವಿಡಿಯೋ ಮಾಡ್ತಿದ್ರು.

ತೊಂದರೆ ಒಂದೇ. ಏಳು ಜನ ಇದ್ದಾರೆ, ಎಂಟನೇ ಹಗ್ಗದ ಸುಮಾ ಬಾಣಂತಿ. ಮಾಕಳಿಯಲ್ಲಿ ತವರು ಮನೇಲಿ ಕಿವಿಗೆ ಹತ್ತಿ ಇಟ್ಕೊಂಡು ಮಲಗಿದ್ದಾಳೆ. ಫೋನಲ್ಲಿ ಒಂದೇ ಅಳು. ‘ಅಕ್ಕಾ, ಪಾಪೂನ ಅಮ್ಮನ ಕೈಲಿ ಕೊಟ್ಟು ಬಂದ್ಬಿಡ್ಲಾ?’ ಅವಳಮ್ಮ ಫೋನ್ ಕಿತ್ಕೊಂಡು ಕಟ್ ಮಾಡಿದ್ರು.

ಎಲ್ಲರ ಕಣ್ಣೂ ನನ್ನ ಮೇಲೆ. ಸೆರಗು ಸಿಕ್ಕಿಸಿದೆ. ಇಳಿದೆ. ಮೊದಲನೇ ಸುತ್ತಲ್ಲಿ ಮೂವರಿಗೆ ಡಿಕ್ಕಿ. ಎರಡನೇ ಸುತ್ತಲ್ಲಿ ನೀರಿನ ಟ್ಯಾಂಕಿಗೆ. ಕೋಲಾಟ ಹೋಗಿ ಗೋಳಾಟ ಆಯ್ತು. ಹಾಡೋ ಯಲ್ಲಮ್ಮ ತಾಳ ಕೆಳಗಿಟ್ಟು, ಕಣ್ಣೀರು ಬರೋವರೆಗೆ ನಕ್ಕು, ತೀರ್ಪು ಕೊಟ್ಟಳು:

‘ಮೇಡಮ್ಮೋರೇ, ನಿಮ್ ಬಾಯಿ ಎಮ್ಮೇ ಓದೈತೆ. ಕಾಲು ಇಸ್ಕೂಲ್ಗೂ ಓಗಿಲ್ಲ.’

ಮೇ 6, ಬುಧವಾರ

ಒಂದು ವಾರ ಡೈರಿ ಮುಟ್ಟಿಲ್ಲ. ಮುಟ್ಟಿಸಿದ್ದು ಪಾದಕ್ಕೆ ಐಸ್. ಉಳುಕು. ನಮ್ಮ ಮನೆಯಲ್ಲೀಗ ಅತ್ತೆಯೂ ಕುಂಟು, ಸೊಸೆಯೂ ಕುಂಟು. ನೆಪ ಮಾತ್ರ ಬೇರೆ ಬೇರೆ.

ಇನ್ನೂ ಇಬ್ಬರನ್ನ ಟ್ರೈ ಮಾಡಿದ್ರು. ಒಬ್ಬಳಿಗೆ ಒಳಗೆ ಹೊರಗೆ ಗೊತ್ತಾಗಲ್ಲ, ಇನ್ನೊಬ್ಬಳಿಗೆ ತಲೆ ಸುತ್ತುತ್ತೆ. ಎಂಟನೇ ಜಾಗ ಖಾಲಿ.

ಅದರ ಮೇಲೆ ಚನ್ನಕೇಶವ ಸಾರ್ ಆಮಂತ್ರಣದ ಪ್ರೂಫ್ ಹಿಡ್ಕೊಂಡು ಬಂದ್ರು. ಓದಿ ತೋರಿಸಿದ್ರು: ಪ್ರಾರ್ಥನೆ, ಸ್ವಾಗತ, ಉದ್ಘಾಟನೆ, ಉದ್ಘಾಟನಾ ಭಾಷಣ, ಮುಖ್ಯ ಅತಿಥಿಗಳ ಭಾಷಣ, ಗಣ್ಯರಿಗೆ ಸನ್ಮಾನ, ಸನ್ಮಾನಿತರ ಭಾಷಣ, ಅಧ್ಯಕ್ಷರ ಭಾಷಣ, ವಂದನಾರ್ಪಣೆ... ‘ಕೊನೆಗೆ ಸಾಂಸ್ಕೃತಿಕ ಕಾರ್ಯಕ್ರಮ. ಇದು ಕ್ರಮ ಮೇಡಂ.’

‘ಇದು ಕ್ರಮ ಅಲ್ಲ ಸಾರ್, ಅಕ್ರಮ. ಕೋಲಾಟ ಮೊದಲು ಇಟ್ರೆ?’

‘ಕೋಲಾಟ ನೋಡ್ಕೊಂಡು ಜನ ಎದ್ದು ಹೋಗ್ತಾರೆ. ಆಮೇಲೆ ಭಾಷಣ ಕೇಳೋರು ಯಾರು?’

ಎಂಜಿನಿಯರು. ಸಮಸ್ಯೆಯನ್ನ ಇಷ್ಟು ಸ್ಪಷ್ಟವಾಗಿ ಹೇಳಿ, ಸಮಸ್ಯೆ ಎಲ್ಲಿದೆ ಅಂತ ಹುಡುಕ್ತಿದ್ದಾರೆ.

ಉದ್ಘಾಟಕರು: ಸಮಾಜಸೇವಕ, ಬಿಲ್ಡರ್ ನರೇಂದ್ರ. ಹಳೇ ಊರಿನವರೇ, ಶಾಮಿಯಾನದಿಂದ ಸೌಂಡ್‌ವರೆಗೆ ಖರ್ಚೆಲ್ಲ ಅವರದು. ಹೋದ ವರ್ಷ ಜಡೆಯ ಅರ್ಧ ಆಯುಷ್ಯ ತಿಂದದ್ದು ಅವರ ಭಾಷಣವೇ. ‘ಅವರ ಭಾಷಣ ಚಿಕ್ಕದು ಮಾಡಿಸಿ ಸಾರ್’ ಅಂದೆ. ಸಾರ್ ಮುಖ ನೋಡಿ ನನಗೇ ಪಾಪ ಅನ್ನಿಸ್ತು. ‘ಅವರಿಗೆ ಹೇಳೋದು ಯಾರು ಮೇಡಂ?’

ಅತ್ತೆಗೆ ಹೇಳಲಿಲ್ಲ. ಹೇಳದೇನೇ ಗೊತ್ತಾಯ್ತು ಅನ್ಸುತ್ತೆ. ಇವತ್ತು ಪ್ರಾಕ್ಟೀಸ್ ಕರೀಲಿಲ್ಲ.

ಮೇ 9, ಶನಿವಾರ

ಯಲಹಂಕದಲ್ಲಿ ಮಕ್ಕಳ ಬೇಸಿಗೆ ಶಿಬಿರದ ಸಮಾರೋಪ. ನಿರೂಪಣೆಗೆ ಕುಂಟ್ಕೊಂಡೇ ಹೋದೆ. ಮಕ್ಕಳ ನಾಟಕ: ಕಾಡು ಮಾತಾಡುತ್ತೆ ಅಂತ ಏನೋ. ಕಾಡು ಮಾತಾಡೋಕೆ ಮುಂಚೆ ನರೇಂದ್ರ ಮಾತಾಡಿದ್ರು. ಮರದ ವೇಷದ ಮಕ್ಕಳು ಸೈಡಲ್ಲಿ ನಿಂತಲ್ಲೇ ಒಣಗಿದ್ರು. ಒಂದು ಹಲಸಿನ ಮರ ಕೂತು ಬಿಸ್ಕತ್ ತಿಂತು. ಒಂದು ಆಲದ ಮರ ‘ಮಿಸ್, ಟಾಯ್ಲೆಟ್’ ಅಂತ ಹೋಗಿದ್ದು ನಾಟಕ ಮುಗಿದ ಮೇಲೆ ಬಂತು.

ಬೇಜಾರಿಗೆ ಅವರ ಕೈ ನೋಡ್ತಾ ನಿಂತಿದ್ದೆ. ಅವರು ಮೈಕನ್ನ ಎರಡೂ ಕೈಯಲ್ಲಿ ಹಿಡ್ಕೋತಾರೆ. ಕರಗೋ ಐಸ್‌ಕ್ರೀಮ್ ಹಿಡಿದ ಹಾಗೆ, ಯಾರಾದ್ರೂ ಕಿತ್ಕೊಂಡಾರು ಅನ್ನೋ ಹಾಗೆ. ಆಗ ಎಂದಿನ ಸಾಲು ಬಂತು, ಪ್ರತಿ ಭಾಷಣದಲ್ಲೂ ಬರುತ್ತೆ: ‘ನಾನು ಈ ಮಣ್ಣಿನ ಮಗ. ಚಿಕ್ಕಂದಿನಲ್ಲಿ ಜಡೆ ಕೋಲಾಟ ಆಡಿ ಬೆಳೆದವನು.’

ಎಡಗೈಲಿ ಹಗ್ಗ ಮತ್ತು ಕೋಲು. ಬಲಗೈಲಿ ಕೋಲು.

ಮೈಕ್ ಹಿಡಿಯೋ ಕೈ ಎಲ್ಲಿದೆ?

ನಾಟಕ ಮುಗಿಯೋವರೆಗೆ ನಗು ತಡ್ಕೊಂಡಿದ್ದು ನನ್ನ ಈ ವರ್ಷದ ಅತ್ಯುತ್ತಮ ಅಭಿನಯ.

ಮನೆಗೆ ಬಂದು ಅತ್ತೇನ ಕೇಳಿದೆ. ‘ನರೇಂದ್ರ ನಿಜವಾಗ್ಲೂ ಕೋಲಾಟ ಆಡ್ತಿದ್ರಾ, ಇಲ್ಲ ಅದೂ ಭಾಷಣವಾ?’

‘ಆಡ್ತಿದ್ದ ಕಣೇ. ಅವ್ರವ್ವ ನಮ್ ಜೋಡಿ. ಇವ್ನು ಪುಟ್ಟ ಉಡ್ಗ, ಎಣೆಯೋವಾಗ ಚಿನ್ನದಂಗೆ ಎಣೀತಿದ್ದ.’ ಹಣೆ ಚಚ್ಕೊಂಡು, ‘ಬಿಚ್ಚೋವಾಗ ಮಾತ್ರ ಎಡವಟ್ಟು. ಒಳಕ್ಕೆ ಓಗು ಅಂದ್ರೆ ಒರಕ್ಕೆ ಓಗೋನು.’

ನಮಗೆ ಬೇಕಿರೋದೇ ಬಿಚ್ಚೋದು.

‘ಕೈಗೆ ಹಗ್ಗ ಕೊಟ್ರೆ?’

ಅತ್ತೆ ನಕ್ಕರು. ಮಂಡಿ ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಮೊದಲ ನಗು.

‘ಕೊಡು, ಕೊಡು. ಉಗ್ದು ಕುಣುಸ್ತೀನಿ.’

ಮೇ 11, ಸೋಮವಾರ

ನರೇಂದ್ರ ಅವರ ಆಫೀಸಿಗೆ ಹೋಗಿದ್ದೆ, ಅಬ್ಬಿಗೆರೆ ಮೇನ್ ರೋಡು. ಮಜ್ಜಿಗೆ ಕೊಟ್ರು. ಗೋಡೆ ತುಂಬಾ ಅವರದೇ ಫೋಟೋ. ಎಲ್ಲದರಲ್ಲೂ ದೀಪ ಹಚ್ತಿದ್ದಾರೆ.

‘ಸಾರ್, ದೀಪ ಯಾರು ಬೇಕಾದ್ರೂ ಹಚ್ತಾರೆ. ಈ ಸಲ ಮಣ್ಣಿನ ಮಗ ಹಗ್ಗ ಹಿಡಿದು ಉದ್ಘಾಟನೆ ಮಾಡಿದ್ರೆ ಹೇಗೆ?’

‘ಹಗ್ಗ?’

‘ಜಡೆ ಕೋಲಾಟದ ಹಗ್ಗ. ನೀವೇ ಹೇಳ್ತಿರ್ತೀರಲ್ಲ, ಆಡಿ ಬೆಳೆದವರು ಅಂತ. ಜನ ಕೇಳಿದ್ದಾರೆ, ನೋಡಿಲ್ಲ.’

ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಛಾವಣಿ ನೋಡಿದ್ರು. ಅಲ್ಲಿ ಆಗಲೇ ಫೋಟೋ ಕಾಣಿಸ್ತಿತ್ತು ಅನ್ಸುತ್ತೆ. ‘ಕೃಷ್ಣಕ್ಕ ಇರ್ತಾರಾ?’ ಅಂದ್ರು. ಇರ್ತಾರೆ ಅಂದೆ. ಟೇಬಲ್ ಮೇಲಿನ ಪೆನ್ನನ್ನ ಸುಮ್ಮನೆ ಆ ಕಡೆಯಿಂದ ಈ ಕಡೆ ಸರಿಸಿ, ‘ಬೈಯಲ್ವಾ?’ ಅಂದ್ರು. ಒಂದು ಕ್ಷಣ ಆ ದೊಡ್ಡ ಕುರ್ಚಿಯಲ್ಲಿ ಯಾರೋ ಬೇರೆಯೇ ಕೂತಿದ್ರು.

‘ಎರಡು ದಿನ ಪ್ರಾಕ್ಟೀಸಿಗೆ ಬನ್ನಿ.’

‘ಪ್ರಾಕ್ಟೀಸ್ ಯಾಕೆ ಮೇಡಂ, ರಕ್ತದಲ್ಲಿದೆ.’ ದೊಡ್ಡ ಕುರ್ಚಿಗೆ ವಾಪಸ್.

ಅಲ್ಲಿಂದ ಸೀದಾ ಚನ್ನಕೇಶವ ಸಾರ್ ಮನೆ. ಆಮಂತ್ರಣದಲ್ಲಿ ಒಂದಕ್ಷರ ಬದಲಾಯಿಸೋದು ಬೇಡ ಅಂದೆ. ಪ್ರಾರ್ಥನೆ, ಸ್ವಾಗತ, ಉದ್ಘಾಟನೆ, ಆಮೇಲೇ ಭಾಷಣ. ಉದ್ಘಾಟನೆ ಹಗ್ಗ ಹಿಡಿದು. ಅಷ್ಟೇ.

‘ಕ್ರಮ ತಪ್ಪಲ್ಲ ತಾನೆ?’

‘ಒಂದು ಕೂದಲೆಳೆಯೂ ತಪ್ಪಲ್ಲ ಸಾರ್.’

ಉದ್ಘಾಟನೆ ಎಷ್ಟು ಹೊತ್ತು ಅಂತ ಅವರು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಬರೆದ್ರೆ ನಾನು ಮಕ್ಕಳಿಗೂ ಮಾರ್ಕ್ಸ್ ಕೊಡಲ್ಲ.

ಮೇ 15, ಶುಕ್ರವಾರ

ಮಳೆ. ಸಂಜೆ ಇದ್ದಕ್ಕಿದ್ದ ಹಾಗೆ. ಮೈದಾನ ಕೆಸರು. ಇವರು ಕಂಬ ನೆಡಿಸಿದ್ದು ವಾಲಿತ್ತು. ಮತ್ತೆ ಅಗೆಸಿ ಕಾಂಕ್ರೀಟ್ ಹಾಕಿಸಿದ್ರು. ‘ಒಂದು ದಿನದ ಕಂಬಕ್ಕೆ ಫೌಂಡೇಶನ್ ಹಾಕಿದ ಮೊದಲ ಬಿಲ್ಡರ್ ನಾನೇ ಕಣೇ’ ಅಂತ ಒದ್ದೆಯಾಗಿ ಬಂದು ಮಾವಿನಹಣ್ಣಿನ ಸೀಕರಣೆ ಎರಡು ಬಟ್ಟಲು ಖಾಲಿ ಮಾಡಿದ್ರು.

ಅತ್ತೆ ಜಡೆ ಇಳಿಸಿ, ಸೀರೆ ಬಿಚ್ಚಿ ನೋಡಿದ್ರು. ಮುಟ್ಟಿ ನೋಡಿದೆ. ಒಂದು ವರ್ಷ ನೇತಾಡಿ ಹಗ್ಗ ಬಿಗಿದು ಕಟ್ಟಿಗೆಯ ಹಾಗಾಗಿದೆ.

ನರೇಂದ್ರ ಪ್ರಾಕ್ಟೀಸಿಗೆ ಬರಲಿಲ್ಲ. ಒಂದು ದಿನವೂ.

ಮೇ 17, ಭಾನುವಾರ, ಬೆಳಿಗ್ಗೆ

ಬಿಸಿಲು. ಮೈದಾನ ಒಣಗ್ತಿದೆ. ಅತ್ತೆ ಎರಡೂ ಮಂಡಿಗೆ ಎಣ್ಣೆ ತಿಕ್ಕಿ ಬಟ್ಟೆ ಸುತ್ಕೊಂಡಿದ್ದಾರೆ. ತಿಂಡಿ ಬೇಡ ಅಂದ್ರು. ನನಗೂ ಬೇಡ. ಇವರಿಗೆ ಇಬ್ಬರದೂ ಬೇಕಂತೆ.

ಮೇ 18, ಸೋಮವಾರ, ಬೆಳಿಗ್ಗೆ

ಕಾಫಿ ಮೂರನೇ ಲೋಟ. ಗಂಟಲು ಕೂತಿದೆ. ಎಲ್ಲ ಬರೀಬೇಕು, ಒಂದೂ ಬಿಡದ ಹಾಗೆ.

ಪ್ರಾರ್ಥನೆ ಆಯ್ತು. ಸ್ವಾಗತ ಭಾಷಣ ನನ್ನದೇ. ‘ಎಲ್ಲರಿಗೂ ಸ್ವಾಗತ’ ಅಂದೆ, ಮುಗೀತು. ವೇದಿಕೆ ಮೇಲಿನ ಗಣ್ಯರು ಪರಸ್ಪರ ಮುಖ ನೋಡ್ಕೊಂಡ್ರು. ‘ಈಗ ಉದ್ಘಾಟನೆ. ಉದ್ಘಾಟಕರು ದಯವಿಟ್ಟು ಕೆಳಗೆ ಕಂಬದ ಹತ್ತಿರ ಬರಬೇಕು.’

ನರೇಂದ್ರ ಇಳಿದ್ರು. ಬಿಳಿ ಪಂಚೆ, ಹೆಗಲಿಗೆ ಶಾಲು, ತಲೆಗೆ ಪೇಟ. ಕಂಬದ ಸುತ್ತ ಏಳು ಜನ ಹೆಂಗಸರು, ಹಸಿರು ಸೀರೆ. ಮೇಲೆ ಹೋದ ವರ್ಷದ ಅರ್ಧ ಜಡೆ, ಅದರಿಂದ ಇಳಿದ ಎಂಟು ಹಗ್ಗ. ಏಳು ಹಗ್ಗಕ್ಕೆ ಕೈ ಇತ್ತು. ಎಂಟನೆಯದನ್ನ ಅವರ ಎಡಗೈಗೆ ಕೊಟ್ಟೆ, ಜೊತೆಗೊಂದು ಕೋಲು. ಬಲಗೈಗೆ ಇನ್ನೊಂದು ಕೋಲು. ಫೋಟೋ ಆಯ್ತು. ಚಪ್ಪಾಳೆ.

‘ಈ ಶುಭ ಸಂದರ್ಭದಲ್ಲಿ ಎರಡು ಮಾತು...’ ಅಂತ ಮೈಕಿಗೆ ಕೈ ಚಾಚಿದ್ರು. ಕೈ ನೋಡ್ಕೊಂಡ್ರು. ಆ ಕೈಲಿ ಕೋಲು. ಇನ್ನೊಂದು ಕೈ ನೋಡ್ಕೊಂಡ್ರು. ಅದರಲ್ಲಿ ಕೋಲು, ಹಗ್ಗ. ಮೈಕ್ ನನ್ನ ಹತ್ತಿರ. ನಾನದನ್ನ ಯಲ್ಲಮ್ಮನ ಬಾಯಿಗೆ ಹಿಡಿದೆ.

ಯಲ್ಲಮ್ಮ ಪದ ಎತ್ತಿದಳು.

ಅಷ್ಟೇ. ಏಳು ಜನ ಹೊರಟರು. ಹೊರಟ ಸುತ್ತಲ್ಲಿ ಒಬ್ಬರು ನಿಂತರೆ ಎದುರು ಬರೋರ ಕೋಲು ಸೀದಾ ಮುಖಕ್ಕೆ ಬರುತ್ತೆ. ನರೇಂದ್ರ ಹೊರಟರು. ಮೊದಲ ಜೋಡಿಗೆ ಕೋಲು ಕೊಟ್ಟರು — ಸರಿ. ಎರಡನೆಯದಕ್ಕೂ ಸರಿ. ರಕ್ತದಲ್ಲಿ ಇತ್ತು ಮಾರಾಯ್ರೆ! ಮೂರನೆಯದರಲ್ಲಿ ಒಳಗೆ ಹೋಗಬೇಕಾದಲ್ಲಿ ಹೊರಗೆ ಹೋದ್ರು. ಹಗ್ಗ ಅತ್ತೆಯ ಕುತ್ತಿಗೆಗೆ ಬಿತ್ತು.

ಅತ್ತೆ ಕೋಲು ಎತ್ತಿದ್ರು. ಎಲ್ಲ ನಿಂತಿತು. ಪದವೂ. ಮೈದಾನ ತುಂಬಾ ಜನ. ನನ್ನ ಕೈಲಿ ಮೈಕ್ ಆನ್ ಇತ್ತು, ಆದ್ದರಿಂದ ಮುಂದಿನ ಮಾತು ಕೆರೆ ಆಚೆಗೂ ಕೇಳಿಸ್ತು.

‘ಲೋ ನರೇಂದ್ರ! ಮೂವತ್ತೊರ್ಸ ಆದ್ರೂ ಅದೇ ಎಡವಟ್ಟೇನೋ! ಒಳಕ್ಕೆ ಬಾರೋ! ನಿಮ್ಮವ್ವ ಇದ್ದಿದ್ರೆ ಕೋಲಲ್ಲೇ ಆಕ್ತಿದ್ಲು!’

ವೇದಿಕೆ ಮೇಲೆ ಗಣ್ಯರು ಎದ್ದು ನಿಂತ್ರು. ಚನ್ನಕೇಶವ ಸಾರ್ ಆಮಂತ್ರಣವನ್ನ ಎದೆಗೆ ಒತ್ತಿ ಹಿಡಿದ್ರು. ನರೇಂದ್ರ ಮುಖ ಕೆಂಪಾಗಿ ಸುತ್ತಲೂ ನೋಡಿದ್ರು. ಆಮೇಲೆ ಕೋಲು ಕಂಕುಳಿಗೆ ಸೇರಿಸಿ ಪೇಟ ತೆಗೆದ್ರು. ಶಾಲು ತೆಗೆದ್ರು. ಎರಡನ್ನೂ ನನ್ನ ತೋಳಿಗೆ ಹಾಕಿದ್ರು. ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿದ್ರು. ಭಾಷಣದಲ್ಲಿ ಒಂದು ‘ಹ’ಕಾರವನ್ನೂ ತಪ್ಪಿಸದ ಬಾಯಿಂದ ಹೀಗೆ ಬಂತು:

‘ಆಯ್ತು ಕೃಷ್ಣಕ್ಕ. ಇನ್ನೊಂದ್ಸಲ ಏಳು. ಅಂಗೇ ಓಯ್ತೀನಿ.’

ಶಿಳ್ಳೆ! ಪಿಜಿ ಹುಡುಗೀರ ಕಡೆಯಿಂದ ಮೊದಲು, ಆಮೇಲೆ ಇಡೀ ಮೈದಾನದಿಂದ.

ಮತ್ತೆ ಶುರು. ಅತ್ತೆ ಕುಣೀತಾನೇ ಕೂಗ್ತಾ ಹೋದ್ರು: ‘ಒಳಕ್ಕೆ! ಒರಕ್ಕೆ! ಒಳಕ್ಕೆ!’ ಜಡೆ ಕೆಳಗಿಂದ ಬಿಚ್ಕೊಳ್ತಾ ಬಂತು. ಹಳದಿ ಬೇರೆ, ಕೆಂಪು ಬೇರೆ, ನೀಲಿ ಬೇರೆ. ಜನ ಪ್ರತಿ ಸುತ್ತಿಗೂ ‘ಓ’ ಅಂತಿದ್ರು. ಪಕ್ಕದಲ್ಲಿ ಚನ್ನಕೇಶವ ಸಾರ್ ಪಿಸುಗುಟ್ಟಿದ್ರು:

‘ಮೇಡಂ, ಉದ್ಘಾಟನೆ ಇನ್ನೂ ಆಗ್ತಾನೇ ಇದೆ!’

‘ಹೌದು ಸಾರ್.’

‘ಮುಖ್ಯ ಅತಿಥಿಗಳು ಕಾಯ್ತಿದ್ದಾರೆ.’

‘ಉದ್ಘಾಟನೆ ಮುಗಿಯದೆ ಭಾಷಣ ಶುರು ಮಾಡಿದ್ರೆ ಕ್ರಮ ತಪ್ಪಲ್ವಾ ಸಾರ್?’

ಆಮಂತ್ರಣ ತೆಗೆದು ಓದಿದ್ರು. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದ್ರು. ‘ತಪ್ಪುತ್ತೆ’ ಅಂದ್ರು, ಬಹಳ ಗಂಭೀರವಾಗಿ. ಸ್ವಲ್ಪ ಹೊತ್ತಾದ ಮೇಲೆ ನೋಡ್ತೀನಿ, ಅವರ ಬಲಗಾಲು ತಾಳ ಹಾಕ್ತಿದೆ.

ಆಮೇಲೆ ಸಿಕ್ಕಿಕೊಳ್ತು. ತುದೀಲಿ ಗೇಣುದ್ದ ಉಳಿದಿತ್ತು. ಹೋದ ವರ್ಷ ಮೊದಲು ಹೆಣೆದ ಭಾಗ, ಎಲ್ಲಕ್ಕಿಂತ ಬಿಗಿ. ಎಳೆದ್ರೆ ಇನ್ನೂ ಬಿಗೀತು. ತಂಡದ ಒಬ್ಬಳು ಕೋಲು ಕಂಕುಳಲ್ಲಿಟ್ಟು ಕೈ ಚಾಚಿದಳು.

‘ಕೈಯಾಕ್ಬೇಡ!’ ಅತ್ತೆ.

ಮಂಡಿ ನಡುಗ್ತಿತ್ತು, ನನಗೆ ಕಾಣ್ತಿತ್ತು. ಇವರು ಕುರ್ಚಿ ಎತ್ಕೊಂಡು ಮುಂದೆ ಬಂದ್ರು. ಅತ್ತೆ ಕಣ್ಣಲ್ಲೇ ಹಿಂದಕ್ಕೆ ಕಳಿಸಿದ್ರು. ತಲೆ ಎತ್ತಿ ಜಡೆ ನೋಡಿದ್ರು, ಒಂದೊಂದೇ ಹಗ್ಗ ಕಣ್ಣಲ್ಲಿ ಹಿಡಿದು ಕೆಳಗಿಳಿದ್ರು. ಎಲ್ಲದರ ಮೇಲೆ ಕೂತಿದ್ದು ಕೇಸರಿ ಹಗ್ಗ, ನರೇಂದ್ರನದು.

‘ಎಲ್ಲಾರೂ ಅಗ್ಗ ಸಡ್ಲ ಬಿಡಿ, ಕೈ ಮೇಲೆತ್ತಿ. ನರೇಂದ್ರ, ನೀನೊಬ್ನೇ ಓಗ್ಬೇಕು. ಏಳು ಜನದ ಕೈ ಅಡೀಲೂ ಬಗ್ಗಿ ಓಗು. ತಲೆ ಎತ್ತಿದ್ಯೋ ಮತ್ತೆ ಬಿಗೀತೈತೆ.’

ನರೇಂದ್ರ ಬಗ್ಗಿದ್ರು. ಬರೀ ತಲೆ, ಬರಿಗಾಲು. ಒಬ್ಬೊಬ್ಬ ಹೆಂಗಸಿನ ಎತ್ತಿದ ಕೈ ಕೆಳಗಿಂದ, ಸೊಂಟ ಬಾಗಿಸಿ, ಕೋಲಿಗೆ ಕೋಲು ಮುಟ್ಟಿಸ್ತಾ. ಯಲ್ಲಮ್ಮ ಪದವನ್ನ ಸಣ್ಣಗೆ, ಮಗು ತೂಗೋ ಹಾಗೆ ಹೇಳ್ತಿದ್ದಳು. ಕೊನೆಯದು ಅತ್ತೆಯ ಕೈ. ಅದರ ಕೆಳಗೂ ನುಸುಳಿ ಎದ್ದರು.

ಮೇಲೆ ಜಡೆ ಒಂದು ಸಲ ಅಲುಗಾಡ್ತು. ಬಿಚ್ಕೊಳ್ತು. ಎಂಟೂ ಹಗ್ಗ ಎಂಟು ಕಡೆಗೆ ಛತ್ರಿಯ ಹಾಗೆ ಹರಡಿ ನಿಂತವು.

ಚಪ್ಪಾಳೆ ಅಂದ್ರೆ ಅದು! ರಾಮೋತ್ಸವದಲ್ಲಿಲ್ಲ, ಯಲಹಂಕದಲ್ಲಿಲ್ಲ, ನಾನು ನಿರೂಪಣೆ ಮಾಡಿದ ಯಾವ ವೇದಿಕೆಯಲ್ಲೂ ಕೇಳಿಲ್ಲ. ನಾನೇನೋ ಹೇಳ್ಬೇಕಿತ್ತು. ನಿರೂಪಕಿ. ಬಾಯಿ ತೆಗೆದೆ. ಬರಲಿಲ್ಲ. ಮೈಕಲ್ಲಿ ಕೇಳಿಸಿದ್ದು ನನ್ನ ಮೂಗು ಎಳೆಯೋ ಸದ್ದು ಅಂತ ಇವರು ಆಮೇಲೆ ಹೇಳಿದ್ರು. ಸುಳ್ಳಿರಬಹುದು.

ಅತ್ತೆ ಸೆರಗಲ್ಲಿ ಮುಖ ಒರೆಸ್ಕೊಂಡು, ‘ಈಗ ಒಸಾದು ಎಣೆಯಣ’ ಅಂದ್ರು. ಉದ್ಘಾಟಕರು ಇಲ್ಲಿಗೆ ಬಿಡಬಹುದು ಅಂತ ನಾನು ಶಾಲು, ಪೇಟ ಹಿಡಿದು ಹೋದೆ. ನರೇಂದ್ರ ಕೈ ಅಡ್ಡ ಮಾಡಿದ್ರು.

‘ಇರಿ ಮೇಡಂ. ಎಣೆಯೋದ್ರಲ್ಲಿ ನಾನು ಚಿನ್ನ. ಬೇಕಾದ್ರೆ ಅಕ್ಕನ್ನ ಕೇಳಿ.’

ಹೆಣೆದರು. ಬಿಚ್ಚಿದರು. ಈ ಸಲ ಒಂದು ತಪ್ಪೂ ಇಲ್ಲ. ಪದ ನಿಂತಾಗ ಅತ್ತೆ ಕಂಬಕ್ಕೆ ಒರಗಿ ನಿಂತಿದ್ರು, ಮುಖ ಬಿಸಿಲಲ್ಲಿಟ್ಟ ಹೊಸ ತಾಮ್ರದ ಹಾಗೆ. ಇವರ ಕುರ್ಚಿ ಆಗ ಬೇಕಾಯ್ತು. ಒಂದರಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿ, ವೇದಿಕೆಯ ಗಣ್ಯರಿಗೆ ಬೆನ್ನು ಹಾಕಿ, ನನ್ನ ಕೈಯಿಂದ ಮಜ್ಜಿಗೆ ಇಸ್ಕೊಂಡು ಕುಡಿದ್ರು.

ಆಮೇಲೆ ಕ್ರಮ ಪ್ರಕಾರ ಉದ್ಘಾಟನಾ ಭಾಷಣ. ಮೈಕ್ ಕೊಟ್ಟೆ. ಈಗ ಕೈ ಖಾಲಿ ಇತ್ತು, ಎರಡೂ. ಉಸಿರು ಇರಲಿಲ್ಲ.

‘ನಾನು... ಈ ಮಣ್ಣಿನ...’ ಸೊಂಟ ಹಿಡ್ಕೊಂಡ್ರು. ‘ನೀರ್ ಕೊಡ್ರಪ್ಪ.’

ಸಂಪೂರ್ಣ ಭಾಷಣ ಇಷ್ಟೇ. ಅವರ ಜೀವನದ ಅತ್ಯುತ್ತಮ ಭಾಷಣ ಅಂತ ಯಲ್ಲಮ್ಮ ಮೈಕಲ್ಲೇ ಹೇಳಿದಳು. ಉದ್ಘಾಟಕರೇ ಇಷ್ಟು ಮಾತಾಡಿದ ಮೇಲೆ ಉಳಿದ ಗಣ್ಯರಿಗೆ ಉದ್ದ ಎಳೆಯೋ ಧೈರ್ಯ ಬರಲಿಲ್ಲ. ಒಬ್ಬೊಬ್ಬರದೂ ಒಂದು ನಮಸ್ಕಾರ, ಒಂದು ಕೃತಜ್ಞತೆ. ಜನ ಎದ್ದು ಹೋಗಲಿಲ್ಲ. ಕೂತು ಪ್ರತಿಯೊಬ್ಬರಿಗೂ ಚಪ್ಪಾಳೆ ಹೊಡೆದ್ರು. ವಂದನಾರ್ಪಣೆ ಮುಗಿದಾಗ ಮುರುಗೇಶ್ ಸ್ವಿಚ್ ಮೇಲೆ ಕೈ ಇಟ್ಕೊಂಡು ಗಡಿಯಾರ ನೋಡಿ, ‘ಇಷ್ಟು ಬೇಗನಾ ಮೇಡಂ? ನಾನಿನ್ನೂ ಊಟಾನೇ ಮಾಡಿಲ್ಲ’ ಅಂದ.

ಮೇ 19, ಮಂಗಳವಾರ

ವಿಡಿಯೋ ಎಲ್ಲ ಕಡೆ ಓಡ್ತಿದೆ. ‘ಲೋ ನರೇಂದ್ರ’ ಈಗ ಅಬ್ಬಿಗೆರೆಯ ರಿಂಗ್‌ಟೋನ್. ನರೇಂದ್ರ ಕೋಪ ಮಾಡ್ಕೊಂಡಿರ್ತಾರೆ ಅಂತ ಹೆದರಿ ಫೋನ್ ಮಾಡಿದೆ. ಅವರದೂ ಅದೇ ರಿಂಗ್‌ಟೋನ್.

ಸುಮಾ ಫೋನು. ಪಾಪೂಗೆ ವಿಡಿಯೋ ತೋರಿಸಿದಳಂತೆ. ‘ನನ್ನ ಹಗ್ಗ ಅವರಿಗೇ ಪರ್ಮನೆಂಟಾ ಅಕ್ಕ?’ ಒಂಬತ್ತನೇ ಹಗ್ಗ ಕಟ್ಟಿಸೋಣ ಅಂದೆ. ಜೋಡಿ ಸರಿಹೋಗಲ್ಲ, ಹತ್ತು ಮಾಡಿ ಅಂದಳು. ಇನ್ನೊಬ್ಬರು ಯಾರು? ‘ಚನ್ನಕೇಶವ ಸಾರ್ ಕಾಲು ನೋಡಿಲ್ವಾ ವಿಡಿಯೋದಲ್ಲಿ?’

ಮೇ 21, ಗುರುವಾರ

ಅತ್ತೆ ಎಂಟೂ ಹಗ್ಗ ಸೀಗೆಪುಡಿ ಹಾಕಿ ತೊಳೆದು ಟೆರೇಸಲ್ಲಿ ಒಣಹಾಕಿದ್ದಾರೆ. ಮೆಟ್ಟಿಲ ರೂಮಿನ ಕೊಕ್ಕೆಗೆ ಇವರು ಆಗಲೇ ಹೆಲ್ಮೆಟ್ ನೇತುಹಾಕಿದ್ರು. ಅತ್ತೆ ತೆಗೆಸಿದ್ರು. ಕೊಕ್ಕೆ ಖಾಲಿ ಇರಲಿ, ನೋಡೋಕೆ ಚೆನ್ನಾಗಿದೆ ಅಂತೆ.

ಜೂನ್ ಆಪರೇಷನ್‌ಗೆ ಹೂಂ ಅಂದಿದ್ದಾರೆ. ಕೋಲನ್ನ ಯಾರಿಗೆ ಕೊಡೋದು ಅಂತ ಯೋಚಿಸಿಯೂ ಆಗಿದೆಯಂತೆ, ಸುಮಾಗೆ. ‘ಮತ್ತೆ ಕೂಗೋದು?’ ಅಂತ ಕೇಳಿದೆ. ಒಳಕ್ಕೆ, ಒರಕ್ಕೆ ಅಂತ ಕೂಗೋರಿಲ್ಲದೆ ಜಡೆ ಹೇಗೆ ನಡೆಯುತ್ತೆ?

ನನ್ನನ್ನ ಮೇಲಿಂದ ಕೆಳಗೆ ನೋಡಿದ್ರು. ‘ಕಾಲು ಕೆಲ್ಸಕ್ ಬರಲ್ಲ. ಬಾಯಿ ಐತಲ್ಲ.’

ಇವತ್ತಿಂದಲೇ ಪಾಠ. ಸುತ್ತಿನ ಹೊರಗೆ ಸ್ಟೂಲ್ ಮೇಲೆ ನಿಂತು, ಎಂಟು ಜನರ ಹದಿನಾರು ಕಾಲು ಒಟ್ಟಿಗೆ ನೋಡ್ಬೇಕು. ಮಾತು ಒಂದೇ ಒಂದು, ಸರಿಯಾದ ಕ್ಷಣಕ್ಕೆ. ಭಾಷಣದಲ್ಲಿ ಆ ವಿದ್ಯೆ ನನಗೆ ಯಾರೂ ಕಲಿಸಿರಲಿಲ್ಲ. ನರೇಂದ್ರ ಬಂದಾಯ್ತು, ಕೆಳಗೆ ಕಾರಿನ ಹಾರ್ನ್. ಯಲ್ಲಮ್ಮ ತಾಳ ತಟ್ತಿದ್ದಾಳೆ. ಅತ್ತೆ ಮೇಲಿಂದ ಕೂಗ್ತಿದ್ದಾರೆ, ‘ಮಂಜೂ, ಬರ್ದಿದ್ದು ಸಾಕು, ಬಂದು ಕೂಗು’ ಅಂತ. ಬಂದೆ ಅತ್ತೆ, ಈ ಒಂದು ವಾಕ್ಯ ಮುಗಿಸಿ